ಎಡಗಡೆಯ ಕುಳಿ

ಬಟ್ಟೆಯ ಬೀರುವಿನಲ್ಲಿ ಬಾಳೆಹಣ್ಣು ಬಚ್ಚಿಡುವ ಹೆಂಗಸನ್ನು ಏನೆಂದು ಕರೆಯಬೇಕೆಂದು ಆ ವಾರವೆಲ್ಲ ಅವಳು ಯೋಚಿಸಿದ್ದಳು. ಕಳ್ಳಿ ಎನ್ನುವಂತಿರಲಿಲ್ಲ, ಹಣ್ಣು ಅವಳೇ ಕೊಂಡು ತಂದದ್ದು. ಹುಚ್ಚಿ ಎನ್ನಬಹುದಿತ್ತು, ಆದರೆ ಹುಚ್ಚಿಯರು ಹಣ್ಣಿನ ಅಡಿಗೆ ಹಳೆಯ ಪತ್ರಿಕೆಯನ್ನು ಮಡಿಸಿ ಹಾಸುವಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಅದೇ ಪತ್ರಿಕೆಯ ಅಡುಗೆ ಪುಟದಲ್ಲಿ ಬಂದಿದ್ದ 'ಮನೆಯಲ್ಲೇ ಸುಲಭವಾಗಿ ಬಾಳೆಹಣ್ಣಿನ ಕೇಕ್' ಎಂಬ ಬರಹ, ಸಿಪ್ಪೆ ಕಪ್ಪಾದ ಹಣ್ಣೇ ಆಗಬೇಕೆಂದು ಒತ್ತಿ ಹೇಳಿತ್ತು. ಅವಳ ಮನೆಯಲ್ಲಿ ಬಾಳೆಹಣ್ಣಿಗೆ ಕಪ್ಪಾಗುವಷ್ಟು ಆಯುಷ್ಯವೇ ಇರಲಿಲ್ಲ. ಊಟದ ಮೇಜಿನ ಪಕ್ಕ ಹಾದುಹೋಗುವಾಗಲೆಲ್ಲ ಗಂಡ, ದಾರಿಯಲ್ಲಿ ಸಿಕ್ಕ ಪರಿಚಿತರ ಕೈ ಕುಲುಕುವಂತೆ, ಚಿಪ್ಪಿನಿಂದ ಒಂದನ್ನು ಮುರಿದುಕೊಂಡು ಹೋಗುತ್ತಿದ್ದ. ಹಾಗಾಗಿ ಚಳಿಗಾಲದ ಬಟ್ಟೆಗಳ ಹಿಂದೆ, ಯಾರೂ ಕೈಹಾಕದ ಕತ್ತಲಲ್ಲಿ, ಒಂದು ಚಿಪ್ಪು ಹಣ್ಣು ನಿಶ್ಚಿಂತೆಯಿಂದ ಮುದಿಯಾಗುತ್ತಿತ್ತು. ಈ ಮನೆಯಲ್ಲಿ ಅಷ್ಟು ನಿಶ್ಚಿಂತೆಯಿಂದ ಮುದಿಯಾಗುವ ಅವಕಾಶ ಇನ್ನಾರಿಗೂ ಸಿಕ್ಕಿಲ್ಲವಲ್ಲ ಎಂದು ಭಾನುವಾರ ಬೆಳಿಗ್ಗೆ ಬೀರುವಿನ ಮುಂದೆ ನಿಂತು ಅವಳಿಗೆ ಅನ್ನಿಸಿತು. ಆಗಲೇ ಬೆನ್ನ ಹಿಂದೆ ಅತ್ತೆಯ ಮೂಗು ಸದ್ದು ಮಾಡಿತು.

"ಏನಮ್ಮಾ ಇದು, ಬೀರು ಬಾಗಿಲು ತೆಗೆದ್ರೆ ಹಣ್ಣಿನಂಗಡಿ ವಾಸನೆ?"

"ಸೋಪು ಅತ್ತೆ. ಹೊಸದು."

"ಬಾಳೆಹಣ್ಣಿನ ಸೋಪಾ? ಹಚ್ಕೊಳ್ಳೋದಾ, ತಿನ್ನೋದಾ?"

ಸುಳ್ಳು ಹೇಳಿದಾಗ ಅವಳ ಕಿವಿಯ ತುದಿ ಬಿಸಿಯಾಗುತ್ತಿತ್ತು. ಅತ್ತೆ ಅವಳ ಮುಖವನ್ನು ಬಿಟ್ಟು ನೇರ ಕಿವಿಯನ್ನೇ ನೋಡುವುದನ್ನು ಯಾವ ಕಾಲದಲ್ಲೋ ಕಲಿತುಬಿಟ್ಟಿದ್ದರು. ಕೊನೆಗೆ ಅವಳು ಹಣ್ಣನ್ನು ಪತ್ರಿಕೆ ಸಮೇತ ಎತ್ತಿಕೊಂಡು, ಹಸುಗೂಸನ್ನು ತೋರಿಸುವವಳಂತೆ ಮುಂದೆ ಹಿಡಿದಳು.

"ನಾಳೆ ಆಫೀಸಲ್ಲಿ ಒಬ್ಬರ ಬೀಳ್ಕೊಡುಗೆ. ಕೇಕ್ ಮಾಡ್ತಿದ್ದೀನಿ."

"ಯಾರು?"

"ನಾನು."

"ನೀನು?" ಅತ್ತೆ ಕೋಣೆಯನ್ನೊಮ್ಮೆ ಸುತ್ತ ನೋಡಿದರು, ಇನ್ನೊಬ್ಬಳು ಎಲ್ಲಾದರೂ ನಿಂತಿರಬಹುದೇನೋ ಎಂಬಂತೆ. "ಅಲ್ಲ ಕಣಮ್ಮಾ, ದೇವರು ಅದನ್ನ ಸಿಪ್ಪೆ ಸಮೇತ ತಯಾರು ಮಾಡೇ ಕಳಿಸಿರ್ತಾನೆ. ನೀನು ಅದನ್ನ ಕೊಳೆಸಿ, ಹಿಸುಕಿ, ಮತ್ತೆ ಬೇಯಿಸಿ... ಅವನು ಮಾಡಿದ್ದು ಸಾಲ್ದೇನು?"

ಪಾಪ, ಅತ್ತೆಗೇನು ಗೊತ್ತು, ಸೊಸೆ ಆಫೀಸಿನಲ್ಲಿ ಕೇಕಮ್ಮ ಎಂದೇ ಹೆಸರುವಾಸಿ ಎಂದು. ಶಾಲೆಯ ಪುಸ್ತಕಗಳನ್ನು ಅಚ್ಚು ಮಾಡುವ ಆ ಸಂಸ್ಥೆಯಲ್ಲಿ ಅವಳದು ಕರಡು ತಿದ್ದುವ ಕೆಲಸ. ಊರವರ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವಳು. ಅಂಥವಳ ಹೆಸರು ಯಾರ ಬಾಯಲ್ಲಿ ಪ್ರೀತಿಯಿಂದ ಬಂದೀತು? ಲೆಕ್ಕದವರು ಅವಳನ್ನು ಕಂಡರೆ ಕೈಯಲ್ಲಿದ್ದ ಕಾಗದವನ್ನು ಮಗುಚಿ ಇಡುತ್ತಿದ್ದರು. ಹೀಗಿರುವಾಗ ಹೊಸದಾಗಿ ಬಂದ ಮೇಡಂ, ಅಂದರೆ ಸಂಸ್ಥೆಯ ಮುಖ್ಯಸ್ಥೆ, ಸೂಚನಾ ಫಲಕದಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ದಪ್ಪ ಅಕ್ಷರದಲ್ಲಿ ಹಚ್ಚಿಸಿ, ಇನ್ನುಮುಂದೆ ಯಾರ ಬೀಳ್ಕೊಡುಗೆಗೂ ಅಂಗಡಿಯ ತಿಂಡಿ ತರಕೂಡದು, ಪ್ರತಿಯೊಬ್ಬರೂ ಸ್ವಂತ ಕೈಯಿಂದ ಮಾಡಿದ್ದನ್ನೇ ತರಬೇಕು ಎಂದು ಕಟ್ಟಳೆ ಮಾಡಿದರು. ಮೇಡಂ ತಾವೇ ಮಾದರಿಯಾಗಿ ಹೆಚ್ಚಿದ ಹಣ್ಣು ತಂದರು. ಹೆಚ್ಚಿದ್ದು ಅವರ ಮನೆಯ ಅಡುಗೆಯವಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಆ ಫಲಕದಲ್ಲಿ ಇರಲಿಲ್ಲವಷ್ಟೆ.

ಆ ಮೊದಲ ಸಲ ಅವಳು ಆಫೀಸಿನವರು ಯಾರೂ ಓಡಾಡದ ದೂರದ ಬೀದಿಯೊಂದರ ಬೇಕರಿಗೆ ಹೋಗಿ ಬಾಳೆಹಣ್ಣಿನ ಕೇಕ್ ಕೊಂಡಳು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಅದನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ಮನೆಯ ಸ್ಟೀಲ್ ಡಬ್ಬಿಗೆ ಹಾಕುವಾಗ, ಅವಳ ಕಣ್ಣಿಗೆ ಅದರ ದೋಷ ಕಂಡಿತು: ಅದರಲ್ಲಿ ಒಂದೂ ದೋಷ ಇರಲಿಲ್ಲ. ಮನೆಯಲ್ಲಿ ಯಾವುದು ಇಷ್ಟು ಸಮನಾಗಿರುತ್ತದೆ? ಮನೆಯ ಗೋಡೆ ಸಮ ಇಲ್ಲ, ಮನೆಯವರ ಮಾತು ಸಮ ಇಲ್ಲ. ಅತ್ತಿತ್ತ ನೋಡಿ, ಹೆಬ್ಬೆರಳಿನಿಂದ ಕೇಕಿನ ಎಡಗಡೆಯ ಅಂಚನ್ನು ಮೆಲ್ಲಗೆ ಒತ್ತಿದಳು. ಒಂದು ಪುಟ್ಟ ಕುಳಿ ಬಿತ್ತು. ಅಷ್ಟೇ. ಮರುದಿನ ಮೇಡಂ ಡಬ್ಬಿಯ ಮುಚ್ಚಳ ತೆಗೆದು, "ಎಡಗಡೆ ಒಂಚೂರು ಕುಸಿದಿದೆ ನೋಡಿ, ಇದಕ್ಕೇ ಹೇಳೋದು ಮನೆ ಕೈ ಅಂತ. ಬೇಕರಿಯವರಿಗೆ ಸತ್ತರೂ ಇದು ಬರಲ್ಲ" ಎಂದರು. ಎಲ್ಲರೂ ತಲೆದೂಗಿದರು. ಲೆಕ್ಕದವರು ಎರಡು ತುಂಡು ತಿಂದು, ಮೂರನೆಯದನ್ನು ಹೆಂಡತಿಗೆಂದು ಕಾಗದದಲ್ಲಿ ಸುತ್ತಿಕೊಂಡರು. ಹೇಗೆ ಮಾಡಿದಿರಿ ಎಂದು ಯಾರೋ ಕೇಳಿದ್ದಕ್ಕೆ ಅವಳು, "ಅಯ್ಯೋ, ಅದರಲ್ಲೇನಿದೆ, ಸುಲಭ" ಎಂದಿದ್ದಳು. ನಿಜಕ್ಕೂ ಸುಲಭವಾಗಿಯೇ ಇತ್ತು. ಆಮೇಲೆ ಯಾರು ಕೆಲಸ ಬಿಟ್ಟರೂ, ಯಾರಿಗೆ ವರ್ಗವಾದರೂ, ಅವಳ ಕೇಕ್. ಅದರ ಎಡಗಡೆ ಅದೇ ಕುಳಿ. ಸಾಹುಕಾರನ ಸಹಿಯ ಹಾಗೆ ಅದಕ್ಕೊಂದು ಬೆಲೆ ಬಂದುಬಿಟ್ಟಿತ್ತು.

ಇನ್ನೊಂದು ಸಲ ಹಾಗೆಯೇ ಮಾಡಿದ್ದರೆ ಆಗುತ್ತಿತ್ತು. ಬೇಕರಿ ಎಲ್ಲೂ ಓಡಿಹೋಗಿರಲಿಲ್ಲ, ಹೆಬ್ಬೆರಳೂ ಇತ್ತು. ಆದರೆ ನಾಳೆ ನಿವೃತ್ತರಾಗುತ್ತಿದ್ದವರು ಓದುವವರು. ಕರಡು ತಿದ್ದುವುದು ಇಬ್ಬರು ಕೂತು ಮಾಡುವ ಕೆಲಸ; ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾಗಿ ಬಂದ ಹಾಳೆಯ ಮೇಲೆ ಕಣ್ಣಿಟ್ಟು ತಿದ್ದಬೇಕು. ಅವಳೆದುರು ಕೂತು ಇಷ್ಟು ವರ್ಷ ಓದಿದವರು ಅವರು. ಏರಿಳಿತವಿಲ್ಲದ ದನಿ, ರಾಜ ಸತ್ತರೂ ಅದೇ, ಮೊಲ ಹುಟ್ಟಿದರೂ ಅದೇ. 'ಅಮ್ಮ ಎಲ್ಲಿಗೆ ಹೋದಳು ಪ್ರಶ್ನಾರ್ಥಕ, ಮಗು ಅತ್ತಿತು ಪೂರ್ಣವಿರಾಮ.' ಮೂಲಂಗಿಯ ಹಾಗೆ ತೆಳ್ಳಗೆ ಬೆಳ್ಳಗೆ ಇದ್ದ ಆ ಮನುಷ್ಯ ತನ್ನದೆಂದು ಒಂದು ವಾಕ್ಯವನ್ನೂ ಆಡಿದ್ದು ಅವಳಿಗೆ ನೆನಪಿರಲಿಲ್ಲ, ಆ ಒಂದು ದಿನವನ್ನು ಬಿಟ್ಟರೆ. ಕಪ್ಪೆಯ ಪಾಠವೊಂದರಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಕಪ್ಪೆ ಬಾವಿಗೆ ಬಿದ್ದದ್ದು ಅಚ್ಚಾಗಿತ್ತು; ಮೇಲೆ ಬಂದದ್ದು ಆಗಿರಲಿಲ್ಲ; ಮುಂದಿನ ಸಾಲಿನಲ್ಲಿ ಅದು ಮನೆಯಲ್ಲಿ ಕೂತು ನೆಂಟರೊಡನೆ ಊಟ ಮಾಡುತ್ತಿತ್ತು. ಮಕ್ಕಳು ಯಾರೂ ತಕರಾರು ಮಾಡಲಿಲ್ಲ. ಯಾರದೋ ಅಪ್ಪ ಮಾಡಿದ. ಮೇಡಂ ಇಬ್ಬರನ್ನೂ ಕರೆಸಿದಾಗ ಅವಳ ಕಿವಿ ಬಿಸಿಯಾಗುವಷ್ಟರಲ್ಲಿ ಓದುವವರು ಅದೇ ಸಪ್ಪೆ ದನಿಯಲ್ಲಿ, "ಓದುವಾಗ ನಾನೇ ಆ ಸಾಲು ಬಿಟ್ಟೆ, ಮೇಡಂ" ಎಂದರು. ಅವರು ಬಿಟ್ಟಿರಲಿಲ್ಲ. ಕಪ್ಪೆ ಮೇಲೆ ಹಾರಿತು ಪೂರ್ಣವಿರಾಮ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಅವಳು ಆಗ ಮನೆಯ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಗ್ಯಾಸ್ ಆರಿಸಿಯೇ ಇತ್ತು. ಅವಳು ಯಾವತ್ತೂ ಆರಿಸಿಯೇ ಬರುತ್ತಿದ್ದಳು. ಆ ವರ್ಷ ಓದುವವರಿಗೆ ಬಡ್ತಿ ತಪ್ಪಿತು, ಅವಳಿಗೆ ಸಿಕ್ಕಿತು. ಅವಳು ಧನ್ಯವಾದವನ್ನೂ ಹೇಳಲಿಲ್ಲ. ಹೇಳಿದರೆ ಒಪ್ಪಿಕೊಂಡಂತೆ ಆಗುತ್ತದಲ್ಲ!

ಈಗ ಮೇಡಂ, ಏನು ಉಡುಗೊರೆ ಬೇಕೆಂದು ಕೇಳಿದ್ದಕ್ಕೆ ಓದುವವರು, ಏನೂ ಬೇಡ, ಅವಳ ಕೈಯ ಕೇಕ್ ಒಂದಿದ್ದರೆ ಸಾಕು ಎಂದಿದ್ದರಂತೆ. ಅವಳ ಕೈಯದು! ಊರಿಗೆಲ್ಲ ಸುಳ್ಳು ಕೇಕ್ ತಿನ್ನಿಸಿದವಳು, ತನಗಾಗಿ ಸುಳ್ಳು ಹೇಳಿದ ಒಬ್ಬ ಮನುಷ್ಯನಿಗಾದರೂ ನಿಜದ್ದನ್ನು ಕೊಡಬೇಕು ಎಂದು ಅವಳ ಮನಸ್ಸು ಹಟ ಹಿಡಿಯಿತು. ಅವಳ ಮನಸ್ಸಿಗೆ ಹೀಗೆ ಅಪರೂಪಕ್ಕೊಮ್ಮೆ ನೀತಿಯ ಜ್ವರ ಬರುವುದುಂಟು. ಸಾಮಾನ್ಯವಾಗಿ ಸಂಜೆಯೊಳಗೆ ಇಳಿಯುತ್ತಿತ್ತು. ಈ ಸಲ ವಾರ ಕಳೆದರೂ ಇಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಮದುವೆಗೆ ಉಡುಗೊರೆಯಾಗಿ ಬಂದಿದ್ದ ಒವನ್ನಿನಿಂದ ಎರಡು ಬಾಣಲೆ, ಜರಡಿ, ಮುಚ್ಚಳ ಕಳೆದುಕೊಂಡ ಡಬ್ಬಿಗಳು, ಮುಚ್ಚಳವಷ್ಟೇ ಉಳಿದ ಡಬ್ಬಿಗಳು ಇವೆಲ್ಲವನ್ನೂ ಹೊರಗೆ ಹಾಕಿದಳು. ಇಷ್ಟು ವರ್ಷ ಕಪಾಟಾಗಿ ಮರ್ಯಾದೆಯಿಂದ ಬಾಳಿದ್ದ ಅದು, ಗುಂಡಿ ಒತ್ತಿದೊಡನೆ ಕೆಂಪಗೆ ಕಣ್ಣು ತೆರೆಯಿತು. ಬರಹವನ್ನು ಮೇಜಿನ ಮೇಲೆ ಹರವಿಕೊಂಡು, ಅಭ್ಯಾಸಬಲದಿಂದ ಮೊದಲು ಅದರ ತಪ್ಪುಗಳನ್ನು ತಿದ್ದಿದಳು. 'ಸ್ವಲ್ಪ ಸೋಡಾ' ಎಂಬಲ್ಲಿ ಅಂಚಿನಲ್ಲಿ ಬರೆದಳು: ಎಷ್ಟು? 'ಹದವಾಗಿ ಕಲಸಿ' ಎಂಬಲ್ಲಿ: ಯಾರ ಹದ? 'ಬೇಯುವ ತನಕ ಒವನ್ನಿನ ಬಾಗಿಲು ತೆಗೆಯಬೇಡಿ' ಎಂಬಲ್ಲಿ: ಕಾರಣ ಕೊಟ್ಟಿಲ್ಲ. 'ಸುಲಭ' ಎಂಬ ಮಾತು ಬರಹದ ಉದ್ದಕ್ಕೂ, ಹೊಲಿಗೆ ಬಾರದವಳು ಹಾಕಿದ ಪಿನ್ನುಗಳಂತೆ, ಕಂಡಕಂಡಲ್ಲಿ ಚುಚ್ಚಿಕೊಂಡಿತ್ತು. ಸುಲಭವಾದದ್ದನ್ನು ಸುಲಭ ಎಂದು ಇಷ್ಟು ಸಲ ಯಾರೂ ಹೇಳುವುದಿಲ್ಲ. ಹಲ್ಲು ಕೀಳುವವರು ಹೇಳುತ್ತಾರೆ.

ಸಿಪ್ಪೆ ಸುಲಿದರೆ ಹಣ್ಣು ಕೈಯಲ್ಲೇ ಕುಸಿಯಿತು. ಕಂದು, ಮೆತ್ತಗೆ, ತೀರಾ ಸಿಹಿಯಾದ ವಾಸನೆ. ಹೊಗಳಿಕೆಗೂ ಇಂಥದೇ ಒಂದು ವಾಸನೆ ಇರುತ್ತದೆ ಎಂದು ಫೋರ್ಕಿನಿಂದ ಅದನ್ನು ಹಿಸುಕುತ್ತ ಅಂದುಕೊಂಡಳು. ಸಕ್ಕರೆ, ಎಣ್ಣೆ, ಮೊಸರು ಹಾಕಿ ಕಲಸಿದಳು. ಮೈದಾ ಜರಡಿ ಹಿಡಿಯುವಾಗ ಅದು ಅವಳ ಮೂಗಿನ ಮೇಲೂ ಅತ್ತೆಯ ಕನ್ನಡಕದ ಮೇಲೂ ಸಮನಾಗಿ ಕೂತಿತು. ಅತ್ತೆ ಸ್ಟೂಲಿನ ಮೇಲೆ ಕೂತು ಕ್ರಿಕೆಟ್ ಪಂದ್ಯ ನೋಡುವವರಂತೆ ನೋಡುತ್ತಿದ್ದರು.

"ಗಂಟು ಗಂಟಾಗಿದೆಯಲ್ಲಮ್ಮ."

"ಅತಿಯಾಗಿ ಕಲಸಬಾರದು ಅಂತ ಬರೆದಿದ್ದಾರೆ."

"ಬರೆಯೋದಕ್ಕೇನು, ಬರೆದವರು ಇಲ್ಲಿಗೆ ಬಂದು ತಿಂತಾರಾ?"

ಗಂಡ ಬಾಗಿಲಲ್ಲಿ ನಿಂತು ಹಿಟ್ಟಿನ ಪಾತ್ರೆಯನ್ನೂ ಖಾಲಿ ಸಿಪ್ಪೆಗಳನ್ನೂ ನೋಡಿದ. "ಅಷ್ಟೂ ಹಣ್ಣು ಹಾಕ್ಬಿಟ್ಯಾ? ಒಂದೂ ಬಿಡ್ಲಿಲ್ವಾ?" ಎಂದ, ಸಾವಿನ ಮನೆಗೆ ತಡವಾಗಿ ಬಂದ ನೆಂಟನ ದನಿಯಲ್ಲಿ.

ತಟ್ಟೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು. ಒವನ್ನಿನ ಗಾಜು ಹಳೆಯದಾಗಿ ಮಬ್ಬಾಗಿತ್ತು. ಒಳಗೆ ಏನೋ ಒಂದು ಹಳದಿ ಇದೆ ಎಂಬುದಷ್ಟೇ ಕಾಣುತ್ತಿತ್ತು. ಅಚ್ಚಿಗೆ ಹೋಗುವ ಪುಟವನ್ನು ಕೊನೆಗೊಂದು ಸಲ ನೋಡದೆ ಬಿಟ್ಟವಳಲ್ಲ ಅವಳು. ಬಿಟ್ಟಿದ್ದು ಒಮ್ಮೆ, ಆ ಕಪ್ಪೆಯ ಸಲ. ಒಂದಿಷ್ಟು ಹೊತ್ತಿಗೆ ಬಾಗಿಲನ್ನು ಬೆರಳಗಲ ತೆರೆದಳು. ಕೇಕ್ ಉಬ್ಬುತ್ತಿತ್ತು. ಅವಳ ಎದೆಯೂ ಉಬ್ಬಿತು. ನಿಜವಾಗಿಯೂ ಉಬ್ಬುತ್ತಿದೆಯೇ ಎಂದು ಮತ್ತೆ ತೆರೆದಳು. ನಾಳೆ ಓದುವವರು ತುಂಡನ್ನು ಬಾಯಿಗಿಡುವುದು, ಅವರ ಆ ಸಪ್ಪೆ ಮುಖದಲ್ಲಿ ಏನಾದರೂ ಒಂದು ಚಿಹ್ನೆ, ಆಶ್ಚರ್ಯಸೂಚಕವಲ್ಲದಿದ್ದರೂ ಒಂದು ಅಲ್ಪವಿರಾಮ ಮೂಡುವುದು ಕಣ್ಣಿಗೆ ಬಂತು, ಸೋಡಾ ಹೆಚ್ಚಾಯಿತೇ ಎಂಬ ಭಯವೂ ಬಂತು, ತೆರೆದಳು. ಬಣ್ಣ ಬಂತೇ ಎಂದು ತೆರೆದಳು. ಮೊದಲು ತೆರೆದದ್ದರಿಂದ ಏನಾದರೂ ಆಯಿತೇ ಎಂದು ನೋಡುವುದಕ್ಕೆ ತೆರೆದಳು. "ಹೆರಿಗೆ ಮನೆ ಬಾಗಿಲನ್ನೂ ಯಾರೂ ಹೀಗೆ ತೆಗೆಯಲ್ಲ ಕಣೇ" ಎಂದರು ಅತ್ತೆ. ಕೊನೆಯ ಸಲ ತೆರೆದಾಗ, ಅವಳ ಕಣ್ಣೆದುರಿಗೇ, ಯಾರೋ ನಿಟ್ಟುಸಿರು ಬಿಟ್ಟಂತೆ ಕೇಕಿನ ನಡುಭಾಗ ಕೆಳಗಿಳಿಯಿತು. ಮತ್ತೆ ಮೇಲೇಳಲಿಲ್ಲ. ಕಾರಣ ಕೊಟ್ಟಿಲ್ಲ ಎಂದು ಬರೆದಿದ್ದಳಲ್ಲ, ಈಗ ಕೇಕೇ ಕಾರಣ ಕೊಟ್ಟಿತು.

ಆರಿದ ಮೇಲೆ ಮಗುಚಿದರೆ ತಳ ಅಂಚಿನ ಉದ್ದಕ್ಕೂ ಕಪ್ಪಗೆ ಹತ್ತಿತ್ತು. ಕೆರೆದಳು. ಅಂಚಿನಲ್ಲೊಂದು ಚೂರು ಮುರಿದು ಎಲ್ಲರೂ ತಿಂದು ನೋಡಿದರು. ಗಂಡ ಬಹಳ ಹೊತ್ತು ಅಗಿದು, "ಹಣ್ಣಿನ ರುಚಿ ಇದೆ" ಎಂದ; ನ್ಯಾಯವಾಗಿ ಅದನ್ನು ಅಲ್ಲಗಳೆಯುವಂತಿರಲಿಲ್ಲ. ಅತ್ತೆ ಏನೂ ಹೇಳದೆ ಇನ್ನೊಂದು ಚೂರು ತೆಗೆದುಕೊಂಡರು. ಅವಳಿಗೆ ಆ ಮೌನ ಪ್ರಶಸ್ತಿಪತ್ರಕ್ಕಿಂತ ಹೆಚ್ಚಾಯಿತು. ಹೌದು, ಕುಸಿದಿದೆ, ಹೌದು, ತುಸು ಸೀದಿದೆ. ಆದರೆ ಒಂದು ಕುಳಿಯನ್ನೂ ಅವಳು ಬೆರಳಿನಿಂದ ಮಾಡಿರಲಿಲ್ಲ. ಮನೆಯದು ಎನ್ನುವುದಕ್ಕೆ ಇನ್ನೆಷ್ಟು ಸಾಕ್ಷಿ ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅವಳ ಅಂಗೈಯಲ್ಲಿ ಹುಣ್ಣೂ ಇತ್ತು, ತಟ್ಟೆ ಮುಟ್ಟಿ ಸುಟ್ಟುಕೊಂಡದ್ದು. ಅದಕ್ಕೆ ಪಟ್ಟಿ ಹಾಕದೆ ಹಾಗೇ ಬಿಟ್ಟಳು, ನಾಳೆ ಯಾರಾದರೂ ಕಂಡು ಕೇಳಲಿ ಎಂದು.

ಯಾರೂ ಕೇಳಲಿಲ್ಲ. ಸಭೆಯ ಕೋಣೆಯಲ್ಲಿ ಮೇಡಂ ಓದುವವರ ನಿಷ್ಠೆಯ ಬಗ್ಗೆ ಮಾತಾಡಿ, ಇಷ್ಟು ವರ್ಷಗಳಲ್ಲಿ ಅವರಿಂದ ಒಂದೇ ಒಂದು ತಪ್ಪಾಗಿತ್ತು, ಅದನ್ನೂ ಅವರು ಧೈರ್ಯದಿಂದ ಒಪ್ಪಿಕೊಂಡರು ಎಂದು ಉದಾರವಾಗಿ ನೆನಪಿಸಿದಾಗ, ಅವಳು ಡಬ್ಬಿಯ ಮುಚ್ಚಳದ ಮೇಲಿನ ಗೀರುಗಳನ್ನು ನೋಡುತ್ತಿದ್ದಳು. ಕಪ್ಪೆಯ ಕಥೆ ಕೇಳಿ ಎಲ್ಲರೂ ನಕ್ಕರು. ಓದುವವರೂ ನಕ್ಕರು. ಆಮೇಲೆ ಮೇಡಂ, "ಈಗ ನಮ್ಮ ಕೇಕಮ್ಮನ ಕೇಕ್" ಎಂದು ಮುಚ್ಚಳ ತೆಗೆದರು. ಡಬ್ಬಿಯನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಇದೇನಿದು? ಎಡಗಡೆ ಆ ಕುಳಿ ಇಲ್ವಲ್ಲ?"

"ನಡುವೆ ಪೂರ್ತಿ ಕುಸಿದಿದೆ" ಎಂದು ಲೆಕ್ಕದವರು ಬಗ್ಗಿ ನೋಡಿದರು. ಒಂದು ಚೂರು ಬಾಯಿಗೆ ಹಾಕಿಕೊಂಡರು. "ತಳ ಹಿಡಿದಿದೆ. ನಿನ್ನೆ ಮೊನ್ನೆಯದನ್ನ ಇವತ್ತಿನದು ಅಂತ ಕೊಟ್ಟು ಕಳಿಸಿದ್ದಾರೆ. ಯಾವ ಬೇಕರಿ ಕೇಕಮ್ಮಾ ಇದು? ಚೆನ್ನಾಗಿ ಟೋಪಿ ಹಾಕಿದ್ದಾರೆ ನಿಮಗೆ!"

"ಇಲ್ಲ, ಇದು ನಾನೇ..." ಎಂದಳು. ಅವಳ ಕಿವಿ ಕೆಂಡದ ಹಾಗೆ ಬಿಸಿಯಾಯಿತು. ಸುಳ್ಳು ಹೇಳಿದಾಗ ಮಾತ್ರ ಬಿಸಿಯಾಗುತ್ತಿದ್ದ ಕಿವಿಗಳು. ನಿಜ ಹೇಳುವಾಗ ಏನು ಮಾಡಬೇಕೆಂದು ಅವಕ್ಕೆ ಅಭ್ಯಾಸವಿರಲಿಲ್ಲ. ಮೇಡಂ ಅವಳನ್ನೇ ನೋಡಿದರು. "ನೋಡೀಮ್ಮಾ, ಟೈಮ್ ಆಗ್ಲಿಲ್ಲ ಅಂದ್ರೆ ಹೇಳಬಹುದಿತ್ತು. ನಾವೇನು ತಿಂದುಬಿಡ್ತಿದ್ವಾ? ಕೊಂಡುತಂದು ಸ್ವಂತದ್ದು ಅನ್ನೋದಿದೆಯಲ್ಲ, ಅದು ನನಗೆ ಹಿಡಿಸಲ್ಲ." ಮೇಜಿನ ಆ ತುದಿಯಲ್ಲಿ ಅವರ ಸ್ವಂತದ ಹಣ್ಣಿನ ಹೋಳುಗಳು, ಇನ್ನಾರದೋ ಕೈಯ ಚಾಕುವಿನ ಗುರುತುಗಳೊಡನೆ, ಅಂದವಾಗಿ ಹೊಳೆಯುತ್ತಿದ್ದವು.

ಇದೊಂದೇ ನಿಜ, ಹಿಂದಿನವೆಲ್ಲ ಸುಳ್ಳು ಎಂದರೆ ಮುಗಿಯುತ್ತಿತ್ತು. ಆ ವಾಕ್ಯ ಬಾಯಿಯ ತನಕ ಬಂತು. ಅದರ ಮೊದಲ ಅರ್ಧವನ್ನಷ್ಟೇ ಹೇಳಲು ಸಾಧ್ಯವೇ ಎಂದು ಅವಳು ಒಳಗೇ ತಿದ್ದುತ್ತಿದ್ದಾಗ, ಓದುವವರು ಎದ್ದು ನಿಂತರು.

"ಇಲ್ಲ ಮೇಡಂ, ಇದು ಅವರೇ ಮಾಡಿದ್ದು" ಎಂದರು, ಪಾಠ ಓದುವ ಅದೇ ದನಿಯಲ್ಲಿ. "ಶುಕ್ರವಾರಾನೇ ನನ್ನ ಹತ್ರ ಹೇಳಿದ್ರು, ಈ ಸಲ ಬೇರೆ ಥರ ಮಾಡ್ತೀನಿ ಅಂತ. ಕುಸಿದಿದೆ ಅಂದ್ರೆ ಕುಸಿದಿದೆ. ಅವರದ್ದೇ." ದೊಡ್ಡದೊಂದು ತುಂಡು ತೆಗೆದು, ಎಲ್ಲರೂ ನೋಡುವಂತೆ ಪೂರ್ತಿ ತಿಂದರು. ಹೊರಟುಹೋಗುವವರ ಮಾತಿಗೆ ಆ ದಿನ ಒಂದು ಬೆಲೆ ಇರುತ್ತದೆ. ಮೇಡಂ ಸರಿ ಎಂದರು. ಚಪ್ಪಾಳೆ ಬಿತ್ತು. ಉಳಿದವರು ಮರ್ಯಾದೆಗೆ ಚೂರು ಚೂರು ಮುರಿದುಕೊಂಡು ಹಣ್ಣಿನ ಹೋಳುಗಳ ಕಡೆ ಸರಿದರು.

ಅವಳು ಬಂದು ತಮ್ಮಿಬ್ಬರ ಹಳೆಯ ಮೇಜಿನ ಬಳಿ ಕೂತಳು; ಸ್ವಲ್ಪ ಹೊತ್ತಿಗೆ ಓದುವವರೂ ಬಂದರು, ಕುರ್ಚಿಯ ಮೇಲಿನ ತಮ್ಮ ದಿಂಬನ್ನು ಒಯ್ಯುವುದಕ್ಕೆ. ಶುಕ್ರವಾರ ಅವಳು ಅವರಿಗೆ ಏನೂ ಹೇಳಿರಲಿಲ್ಲ. ಆದರೂ ಅವರಿಗೆ ತಿಳಿದಿದೆ, ನಾಲಿಗೆಯ ಮೇಲೆ ಇಟ್ಟೊಡನೆ ತಿಳಿದಿದೆ. ಇಡೀ ಆಫೀಸಿನಲ್ಲಿ ಒಬ್ಬರಿಗಾದರೂ ತಿಳಿಯಿತು.

"ಸರ್," ಎಂದಳು, "ನೀವು ಹಾಗೆ ಹೇಳಿದ್ದು..."

"ಅಯ್ಯೋ, ಬಿಡೀಮ್ಮಾ." ಓದುವವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕೊಂಡು ತಂದದ್ದು ಅಂತ ನನಗೂ ಬಾಯಿಗಿಟ್ಟ ಕೂಡಲೇ ಗೊತ್ತಾಯ್ತು. ಏನ್ ಮಾಡೋದು, ಮನೆ ಕೆಲಸ, ಆಫೀಸು, ಟೈಮ್ ಎಲ್ಲಿ ಸಿಗತ್ತೆ? ಒಂದು ಸುಳ್ಳು ಹೇಳಿದೆ, ಅಷ್ಟೇ ತಾನೇ. ಮೊದಲನೇ ಸಲ ಏನಲ್ಲವಲ್ಲ." ಅವರ ಮುಖದಲ್ಲಿ ಒಂದು ನಗು ಬಂತು. ಇಷ್ಟು ವರ್ಷಗಳಲ್ಲಿ ಅವಳಿಗಾಗಿ ಬಂದ ಮೊದಲ ನಗು. ನಿನ್ನೆಯಿಂದ ಅವಳು ಕಾದಿದ್ದದ್ದು ಇದಕ್ಕೇ ಇರಬೇಕು. "ಬಿಡುವಾದಾಗ ನಿಮ್ಮ ಆ ಕೇಕ್ ಒಂದು ಮಾಡ್ಕೊಂಡು ಮನೆಗೆ ಬನ್ನಿ. ನಿಮ್ಮ ಕೈದು. ಆ ಕುಳಿ ಇರೋದು."

ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ ಅವರಿಗೆ ನಿಜ ಹೇಳಬೇಕಾದರೆ, ಮೊದಲು ಅವರು ಮೆಚ್ಚಿ ತಿಂದದ್ದನ್ನೆಲ್ಲ ಸುಳ್ಳು ಮಾಡಬೇಕಿತ್ತು. ಆಮೇಲೆ ಅವರು ಈಗ ಹೇಳಿದ ಸುಳ್ಳನ್ನು ನಿಜ ಮಾಡಿ, ಅವರ ಉಪಕಾರವನ್ನು ಕಿತ್ತುಕೊಳ್ಳಬೇಕಿತ್ತು. ಮುದುಕರ ಕೈಯಿಂದ ಇಷ್ಟೆಲ್ಲ ಕಸಿದು, ಬದಲಿಗೆ ಕೊಡುವುದೇನು, ಒಂದು ಸೀದ ಕೇಕ್. ತರ್ಕ ಚೆನ್ನಾಗಿಯೇ ಇತ್ತು. ಹೇಡಿಗಳ ತರ್ಕದಲ್ಲಿ ಅವಳು ಇಂದಿಗೂ ಒಂದೂ ತಪ್ಪು ಕಂಡಿರಲಿಲ್ಲ.

"ಖಂಡಿತ ಸರ್" ಎಂದಳು. "ಈ ಭಾನುವಾರವೇ ತರ್ತೀನಿ."

ಮನೆಗೆ ಬಂದಾಗ ಅತ್ತೆ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. "ಬೆಲೆ ಗೊತ್ತಿಲ್ಲದ ಜನ" ಎಂದು, ಒಂದು ತುಂಡು ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ಕೂತರು.

ಭಾನುವಾರ ಬೆಳಿಗ್ಗೆ ಅವಳು ಆ ದೂರದ ಬೀದಿಯ ಬೇಕರಿಗೆ ಹೋದಳು. ಗಾಜಿನ ಕಪಾಟಿನಲ್ಲಿ ಬಾಳೆಹಣ್ಣಿನ ಕೇಕುಗಳು ಎಂದಿನಂತೆ ಒಂದರ ಪಕ್ಕ ಒಂದು, ನಿರ್ದೋಷಿಗಳ ಸಾಲಿನಂತೆ ನಿಂತಿದ್ದವು. ಬೇಕರಿಯವನು ಒಂದನ್ನು ತೆಗೆದ. ಪೆಟ್ಟಿಗೆಗೆ ಕೈಹಾಕದೆ, ಅವಳ ಸ್ಟೀಲ್ ಡಬ್ಬಿಗಾಗಿಯೇ ಕೈ ಚಾಚಿದ. ಅವಳು ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಆಗಲೇ ಯಾರೋ ಇಬ್ಬರು ಕೂತು ಚಹಾ ಕುಡಿಯುತ್ತಿದ್ದರು. ಅವಳು ಬೆಂಚಿನ ಕಡೆ ನೋಡಿದ್ದನ್ನು ಬೇಕರಿಯವನೂ ನೋಡಿದ. ಇಷ್ಟು ದಿನ ಈ ಗಾಜಿನ ಆಚೆಯಿಂದ ಅವನು ಏನೇನು ನೋಡಿದ್ದಾನೆಂದು ಅವಳಿಗೆ ಆ ಕ್ಷಣ ಹೊಳೆಯಿತು.

ಅವನು ಕೈಗೆ ಪ್ಲಾಸ್ಟಿಕ್ ಗವಸು ಏರಿಸಿಕೊಂಡು, ಹೆಬ್ಬೆರಳನ್ನು ಕೇಕಿನ ಮೇಲೆ ಹಿಡಿದು, ಬಹಳ ವಿನಯದಿಂದ ಕೇಳಿದ:

"ಎಡಗಡೆ ತಾನೇ ಮೇಡಂ?"